ಶ್ರೀಮತಿ ಎಲೀನರ್ ರೂಸ್‌ವೆಲ್ಟ್‌ರವರೂ ಅವರ ಹೆಣಿಗೆಯ ಚೀಲವೂ

ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ ಉಣ್ಣೆಯ ಹೆಣಿಗೆಯ ವಿಷಯವಾಗಿ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬೀಳುವುದುಂಟು. ಹುಡುಗಿಗೆ ಓದು ಎಷ್ಟಾದರೇನು, ಒಂದು ಕೈಕೆಲಸ ಬಂದರೆ ಸಾಕೆಂದು ಕೆಲವರು ತಂದೆತಾಯಿಗಳು ಹೇಳುತ್ತಾರೆ. ಓದುವ ಹುಡುಗಿಗೆ ಉಣ್ಣೆಯ ಉಂಡೆಯೊಡನೆ ಏನು ಕೆಲಸ, ಅದು ಅಜ್ಜಿಯಂದಿರ ಕಾಲಹರಣವೆಂದು ಕೆಲವರು ವಿದ್ಯಾರ್ಥಿನಿಯರು ಹೇಳುತ್ತಾರೆ. ಈ ಎರಡು ಮಾತುಗಳೂ ಒಂದೇ ತಪ್ಪಿನಿಂದ ಹುಟ್ಟಿದವುಗಳೆಂದು ನಮ್ಮ ಅಭಿಪ್ರಾಯವು. ಮನೆಯ ಕೆಲಸವೂ ಲೋಕದ ಕೆಲಸವೂ ಒಂದಕ್ಕೊಂದು ವೈರಿಗಳೆಂದು ಎರಡು ಪಕ್ಷದವರೂ ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ. ಹಾಗಲ್ಲವೆಂಬುದಕ್ಕೆ ದೃಷ್ಟಾಂತವಾಗಿ, ಒಂದು ದೊಡ್ಡ ರಾಷ್ಟ್ರದ ಅಧ್ಯಕ್ಷರ ಪತ್ನಿಯಾಗಿದ್ದು, ಮುಂದೆ ಸಕಲ ಜನಾಂಗಗಳ ಸಭೆಯಲ್ಲಿಯೂ ಕುಳಿತುಕೊಂಡು, ಹೆಣಿಗೆಯ ಕಡ್ಡಿಗಳನ್ನು ಮಾತ್ರ ಕಡೆಯವರೆಗೆ ಕೆಳಗಿಡದೆ ಇದ್ದ ಒಬ್ಬ ಮಹಿಳೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯಲಪೇಕ್ಷಿಸುತ್ತೇವೆ.

ಅನ್ನಾ ಎಲೀನರ್ ರೂಸ್‌ವೆಲ್ಟ್ ಎಂಬ ಈಕೆಯ ಜನನವು 1884ನೆಯ ಇಸವಿ ಅಕ್ಟೋಬರ್ ತಿಂಗಳ 11ನೆಯ ತಾರೀಖಿನಲ್ಲಿ ಅಮೇರಿಕಾದ ನ್ಯೂಯಾರ್ಕ್ ಪಟ್ಟಣದಲ್ಲಿ ಆಯಿತು. ಮನೆತನವು ಐಶ್ವರ್ಯವುಳ್ಳದ್ದು, ತಂದೆಯ ಅಣ್ಣನಾದ ಥಿಯೊಡೋರ್ ರೂಸ್‌ವೆಲ್ಟನು ಮುಂದೆ ಆ ದೇಶದ ಅಧ್ಯಕ್ಷನಾದನು. ಆದರೂ ಮಗುವಿನ ಭಾಗಕ್ಕೆ ಸುಖವು ಕಡಿಮೆಯಾಗಿತ್ತು. ತಾಯಿಯು ಹೆಸರಾಂತ ರೂಪವತಿ. ಮಗಳಾದರೋ ಅಷ್ಟು ಚೆಲುವೆಯಲ್ಲ. ಸದಾ ಗಂಭೀರವಾಗಿ ಒಂದು ಮೂಲೆಯಲ್ಲಿ ನಿಲ್ಲುವವಳು. ತಾಯಿಯು ಬಂದವರೆದುರಿಗೆ ಅವಳನ್ನು ಮುದುಕಿಯೆಂದು ಕರೆದು ಹಾಸ್ಯಮಾಡಿದಾಗ ಆ ಎಳೆಯ ಮನಸ್ಸಿಗೆ ಆದ ನೋವು ಬಹು ವರುಷಗಳವರೆಗೆ ಮಾಯಲಿಲ್ಲ. 1892ರಲ್ಲಿ ತಾಯಿಯು ಡಿಫ್ತೀರಿಯಾ ಎಂಬ ಗಂಟಲಿನ ರೋಗದಿಂದ ತೀರಿಕೊಂಡಳು. ಮರುವರುಷ ಒಬ್ಬ ತಮ್ಮನೂ ತೀರಿಕೊಂಡನು. ಮಗಳನ್ನು ಪ್ರಾಣದಂತೆ ಪ್ರೀತಿಸುತ್ತಿದ್ದರೂ ಕುಡಿತದ ಚಟಕ್ಕೆ ಒಳಗಾಗಿದ್ದ ತಂದೆಯು 1894ರಲ್ಲಿ ಮೃತನಾದನು. ಹತ್ತು ವರುಷ ತುಂಬುವುದರೊಳಗೆ ಎಲೀನರಳು ತಬ್ಬಲಿಯಾಗಿ, ಉಳಿದೊಬ್ಬ ತಮ್ಮನೊಡನೆ ಅಜ್ಜಿಯ ಮನೆಯನ್ನು ಸೇರಿದಳು.

ಅಜ್ಜಿಯ ಮನೆಯಲ್ಲಿ ಶಿಸ್ತು ಬಹಳ, ನಗು ಕಡಿಮೆ. ಅಲ್ಲಿ ಮ್ಯಾಡಲೀನ್ ಎಂಬ ದಾದಿಯೊಬ್ಬಳು ಅವಳಿಗೆ ಹೊಲಿಗೆಯನ್ನು ಕಲಿಸುತ್ತಿದ್ದಳು. ಹರಿದ ಕಾಲುಚೀಲವನ್ನು ರಫು ಮಾಡಿದ್ದು ಸರಿಹೋಗದಿದ್ದರೆ ಆ ದಾದಿಯು ಕತ್ತರಿಯಿಂದ ಅದನ್ನು ಕತ್ತರಿಸಿಹಾಕುವಳು. ಮಗುವು ಕಣ್ಣೀರಿನೊಡನೆ ಪುನಃ ಮೊದಲಿನಿಂದ ಪ್ರಾರಂಭಿಸಬೇಕು. ಅದೇ ಮನೆಯ ಅಗಸಗಿತ್ತಿಯಾದರೋ ಬಟ್ಟೆ ಒಗೆಯುವುದನ್ನೂ ಇಸ್ತ್ರಿ ಮಾಡುವುದನ್ನೂ ನಗುನಗುತ್ತಾ ಹೇಳಿಕೊಟ್ಟಳು; ಆ ಕೆಲಸವನ್ನು ಹುಡುಗಿಯು ಬಹು ಸಂತೋಷದಿಂದ ಕಲಿತಳು. ಕೈಕೆಲಸವನ್ನು ಕಲಿಸುವ ಉಪಾಧ್ಯಾಯಿನಿಯರಾದ ನಾವು ಈ ಇಬ್ಬರನ್ನೂ ಮರೆಯಲಾಗದು. ಒಂದೇ ಮಗುವಿಗೆ ಒಬ್ಬಳ ಕೈಯಿಂದ ಸೂಜಿಯು ದಂಡನೆಯಾಗಿಯೂ, ಮತ್ತೊಬ್ಬಳ ಕೈಯಿಂದ ಇಸ್ತ್ರಿಪೆಟ್ಟಿಗೆಯು ಆಟವಾಗಿಯೂ ಬಂದವು.

ಹದಿನೈದನೆಯ ವಯಸ್ಸಿನಲ್ಲಿ, ಅಂದರೆ 1899ರಲ್ಲಿ, ಆಕೆಯನ್ನು ಇಂಗ್ಲೆಂಡಿಗೆ ಕಳುಹಿಸಿ ಲಂಡನ್ ಪಟ್ಟಣದ ಸಮೀಪದಲ್ಲಿದ್ದ ಆಲನ್ಸ್‌ವುಡ್ ಎಂಬ ಹೆಣ್ಣುಮಕ್ಕಳ ಪಾಠಶಾಲೆಗೆ ಸೇರಿಸಿದರು. ಅಲ್ಲಿಯ ಮುಖ್ಯೋಪಾಧ್ಯಾಯಿನಿಯಾದ ಮೇರಿ ಸುವೆಸ್ತ್ರ್ ಎಂಬ ಫ್ರೆಂಚ್ ಮಹಿಳೆಯು ಈ ಮೌನಿಯಾದ ಬಾಲಕಿಯಲ್ಲಿ ಅಡಗಿದ್ದ ಬುದ್ಧಿಯನ್ನು ಕಂಡುಹಿಡಿದಳು. ಪುಸ್ತಕದಲ್ಲಿದ್ದುದನ್ನು ಒಪ್ಪಿಸುವುದನ್ನು ಬಿಟ್ಟು ಸ್ವಂತವಾಗಿ ಯೋಚಿಸುವುದನ್ನು ಕಲಿಸಿದಳು. ಅಲ್ಲಿದ್ದ ಮೂರು ವರುಷಗಳು ತನ್ನ ಜೀವಮಾನದಲ್ಲಿ ಅತ್ಯಂತ ಸುಖದ ಕಾಲಗಳಲ್ಲಿ ಸೇರಿದವೆಂದು ಎಲೀನರಳು ಮುಪ್ಪಿನಲ್ಲಿಯೂ ನೆನೆಯುತ್ತಿದ್ದಳು. 1902ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಶ್ರೀಮಂತರ ಮನೆಯ ಹುಡುಗಿಯರು ಸಾಮಾನ್ಯವಾಗಿ ಕಾಲಿಡದ ನ್ಯೂಯಾರ್ಕಿನ ಬಡವರ ಕೇರಿಯೊಂದರಲ್ಲಿ ಮಕ್ಕಳಿಗೆ ವ್ಯಾಯಾಮವನ್ನೂ ನೃತ್ಯವನ್ನೂ ಕಲಿಸತೊಡಗಿದಳು.

1905ನೆಯ ಇಸವಿ ಮಾರ್ಚ್ 17ರಲ್ಲಿ ದೂರದ ಬಂಧುವೇ ಆದ ಫ್ರಾಂಕ್ಲಿನ್ ರೂಸ್‌ವೆಲ್ಟ್‌ರವರೊಡನೆ ವಿವಾಹವಾಯಿತು. 1906ರಿಂದ 1916ರವರೆಗಿನ ಹತ್ತು ವರುಷಗಳಲ್ಲಿ ಆರು ಮಂದಿ ಮಕ್ಕಳು ಹುಟ್ಟಿದರು. ಅವರಲ್ಲಿ ಒಂದು ಗಂಡುಕೂಸು 1909ರಲ್ಲಿ ಎಂಟು ತಿಂಗಳು ತುಂಬುವುದರೊಳಗೆ ತೀರಿಹೋಯಿತು. ಅತ್ತೆಯು ಮಗನಿಗೂ ಸೊಸೆಗೂ ಒಂದು ಮನೆಯನ್ನು ಕಟ್ಟಿಸಿಕೊಟ್ಟು, ಅದಕ್ಕೆ ಅಂಟಿದಂತೆಯೇ ತನ್ನ ಮನೆಯನ್ನೂ ಕಟ್ಟಿಸಿ, ನಡುವಿನ ಗೋಡೆಯಲ್ಲಿ ಬಾಗಿಲುಗಳನ್ನು ಇಡಿಸಿದಳು. ಯಾವ ಹೊತ್ತಿನಲ್ಲಿ ಯಾವ ಬಾಗಿಲು ತೆರೆದೀತೆಂಬುದು ಸೊಸೆಗೆ ತಿಳಿಯದು. ಅಡಿಗೆಯ ಅಧಿಕಾರವೂ, ಮಕ್ಕಳ ಅಧಿಕಾರವೂ, ಹಣದ ಅಧಿಕಾರವೂ ಬಹುಮಟ್ಟಿಗೆ ಅತ್ತೆಯ ಕೈಯಲ್ಲಿ. ನಮ್ಮ ನಾಡಿನ ಸೊಸೆಯಂದಿರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾದ ಅವಶ್ಯವಿಲ್ಲ. ಒಂದು ಸಾಯಂಕಾಲ ಎಲೀನರ್‌ರವರು ಹೊಸ ಮನೆಯ ಕನ್ನಡಿಯ ಮುಂದೆ ಕುಳಿತು ಅತ್ತರು. ಇದು ನನ್ನ ಮನೆಯಲ್ಲವೆಂಬುದೇ ಅವರ ದುಃಖವಾಗಿತ್ತು.

ಮಕ್ಕಳನ್ನು ಸಾಕುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮಗುವಿಗೆ ಶುದ್ಧವಾದ ಗಾಳಿ ಬೇಕೆಂದು ಯಾರೋ ಹೇಳಿದ್ದನ್ನು ನಂಬಿ, ತಂತಿಬಲೆಯ ಪೆಟ್ಟಿಗೆಯೊಂದನ್ನು ಮಾಡಿಸಿ ಕಿಟಕಿಯ ಹೊರಗಡೆ ಕಟ್ಟಿಸಿ, ಹಸುಮಗಳನ್ನು ಅದರಲ್ಲಿ ಮಲಗಿಸುತ್ತಿದ್ದರು. ಚಳಿಯಲ್ಲಿ ಮಗುವು ಅಳುವುದನ್ನು ಕೇಳಲಾರದೆ ನೆರೆಯವಳೊಬ್ಬಳು ದೂರು ಕೊಡುವೆನೆಂದು ಹೆದರಿಸಿದ ಮೇಲೆ ಆ ಪದ್ಧತಿಯು ನಿಂತಿತು. ಓದಿನಲ್ಲಿ ಜಾಣೆಯಾದವಳು ತೊಟ್ಟಿಲ ಬಳಿಯಲ್ಲಿ ಹೀಗೆ ಅಸಹಾಯಳಾದುದನ್ನು ನೋಡಿ ನಗಬಾರದು. ಮನೆವಾರ್ತೆಯನ್ನೂ ಕಲಿತೇ ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪತಿಯು ನೌಕಾ ಇಲಾಖೆಯಲ್ಲಿ ಸಹಾಯಕ ಕಾರ್ಯದರ್ಶಿಯಾದುದರಿಂದ 1913ರಲ್ಲಿ ಸಂಸಾರವು ವಾಷಿಂಗ್ಟನ್ನಿಗೆ ಬಂದಿತು. 1917ರಲ್ಲಿ ಅಮೇರಿಕಾ ದೇಶವು ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಆಗ ಅಲ್ಲಿಯ ಹೆಂಗಸರೆಲ್ಲರೂ ನಾವಿಕರಿಗೂ ಸಿಪಾಯಿಗಳಿಗೂ ಸ್ವೆಟರು, ಕಾಲುಚೀಲ, ಕೊರಳವಸ್ತ್ರಗಳನ್ನು ಹೆಣೆಯಲಾರಂಭಿಸಿದರು. ಎಲೀನರ್‌ರವರು ನೌಕಾ ಇಲಾಖೆಯ ಪರವಾಗಿ ಹೆಂಗಸರಿಗೆ ಉಣ್ಣೆಯನ್ನು ಹಂಚುವುದು, ಹೆಣೆದು ತಂದುದನ್ನು ತೆಗೆದುಕೊಳ್ಳುವುದು, ಇವುಗಳ ಮೇಲ್ವಿಚಾರಣೆಯನ್ನು ವಹಿಸಿದರು. ಅಲ್ಲದೆ ರೈಲು ನಿಲ್ದಾಣದಲ್ಲಿ ರೆಡ್‌ಕ್ರಾಸ್ ಸಂಘದ ಉಪಾಹಾರದ ಕೊಠಡಿಯಲ್ಲಿ ದಂಡಿಗೆ ಹೋಗುವವರಿಗಾಗಿ ರೊಟ್ಟಿ ಕೊಯ್ದು, ಕಾಫಿ ಕಾಸಿ ಕೊಡುತ್ತಿದ್ದರು. ಒಂದು ದಿನ ರೊಟ್ಟಿ ಕೊಯ್ಯುವ ಯಂತ್ರಕ್ಕೆ ಬೆರಳು ಸಿಕ್ಕಿ ಎಲುಬಿನ ವರೆಗೂ ಗಾಯವಾಯಿತು. ಬಟ್ಟೆ ಸುತ್ತಿಕೊಂಡು ಕೆಲಸವನ್ನು ಮುಂದುವರಿಸಿದರು. ಆ ಗಾಯದ ಕಲೆಯು ಕಡೆಯವರೆಗೆ ಉಳಿಯಿತು. ಹೆಣಿಗೆಯ ಅಭ್ಯಾಸವೂ ಹಾಗೆಯೇ ಉಳಿಯಿತು.

ಹೆಣಿಗೆಯನ್ನೇ ಅವರು ಇಷ್ಟು ಬಲವಾಗಿ ಹಿಡಿದುಕೊಂಡದ್ದೇಕೆಂದು ವಿಚಾರಿಸೋಣ. ನಮ್ಮ ನಾಡಿನಲ್ಲಿ ಉಣ್ಣೆಯೆಂದರೆ ಕುರುಬರು ನೇಯುವ ಕಂಬಳಿಯು ಮೊದಲು ನೆನಪಿಗೆ ಬರುತ್ತದೆ. ನೇಯ್ಗೆಗೆ ಮಗ್ಗವು ಬೇಕು, ಸ್ಥಳವು ಬೇಕು, ಹಾಸು ಹೊಕ್ಕು ಎಂಬ ಎರಡು ನೂಲುಗಳು ಬೇಕು. ಹೆಣಿಗೆಗಾದರೋ ಒಂದೇ ಎಳೆಯೂ ಎರಡು ಕಡ್ಡಿಗಳೂ ಸಾಕು. ಒಂದು ಕಡ್ಡಿಯ ಮೇಲಿರುವ ಕುಣಿಕೆಯೊಳಗಿನಿಂದ ಹೊಸ ಕುಣಿಕೆಯನ್ನು ಎಳೆದು ಎರಡನೆಯ ಕಡ್ಡಿಗೆ ಏರಿಸುವುದು. ಇಷ್ಟೇ ಅದರ ಮರ್ಮವು. ಈ ಕುಣಿಕೆಗಳು ಎಳೆದರೆ ಹಿಗ್ಗುತ್ತವೆ, ಬಿಟ್ಟರೆ ಕುಗ್ಗುತ್ತವೆ. ಆದಕಾರಣ ಓಡಾಡುವ ಮಗುವಿನ ಮೈಗೆ ಸ್ವೆಟರು ಹೊಂದಿಕೊಳ್ಳುತ್ತದೆ. ಒಂದು ಅಂಗುಲಕ್ಕೆ ಎಷ್ಟು ಕುಣಿಕೆಗಳೆಂದು ಮೊದಲು ಲೆಕ್ಕಮಾಡಿ, ಎದೆಯ ಸುತ್ತಳತೆಯಿಂದ ಗುಣಿಸಿ, ಬೆನ್ನು, ಎದೆ, ಎರಡು ತೋಳು ಎಂದು ಭಾಗಭಾಗವಾಗಿ ಹೆಣೆದು ಕೂಡಿಸುವರು. ಗಣಿತವು ಬೇಸರವೆನ್ನುವ ವಿದ್ಯಾರ್ಥಿನಿಯು ತೋಳನ್ನು ಹೆಣೆಯುವಾಗ ತನಗರಿಯದೆಯೇ ಗಣಿತವನ್ನು ಮಾಡುತ್ತಿರುವಳು.

ಇದಕ್ಕಿಂತ ಹೆಚ್ಚಿನ ಗುಣವೊಂದುಂಟು. ಸಂಸಾರವಂತೆಗೆ ಒಂದೇ ಸಮನೆ ಒಂದು ಗಂಟೆಯು ದೊರೆಯುವುದಿಲ್ಲ. ಹಾಲು ಉಕ್ಕುತ್ತದೆ, ಮಗು ಏಳುತ್ತದೆ, ಬಾಗಿಲಲ್ಲಿ ಯಾರೋ ಕರೆಯುತ್ತಾರೆ. ಹೆಣಿಗೆಯನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿ ಏಳಬಹುದು; ಬಂದು ಕುಳಿತರೆ ಬಿಟ್ಟ ಕಡೆಯಿಂದಲೇ ಸಾಗುತ್ತದೆ. ಕೈ ಪಳಗಿದ ಮೇಲೆ ಕಣ್ಣೂ ಕಿವಿಯೂ ಬೇರೆಯವರಿಗೆ ದೊರೆಯುತ್ತವೆ. ಮಗುವಿನ ಪಾಠವನ್ನು ಕೇಳಬಹುದು, ಮುದುಕರ ಮಾತನ್ನು ಆಲಿಸಬಹುದು. ತಪ್ಪಿದರೆ ಬಿಚ್ಚಿ ಪುನಃ ಹೆಣೆಯಬಹುದು. ಮಗುವು ಬೆಳೆದು ಸ್ವೆಟರು ಚಿಕ್ಕದಾದರೆ ಅದನ್ನು ಬಿಚ್ಚಿ, ಉಣ್ಣೆಯನ್ನು ತೊಳೆದು ಒಣಗಿಸಿ, ಕೆಳಗಿನವನಿಗೆ ಬೇರೊಂದನ್ನು ಮಾಡಬಹುದು. ಚೂರುಚೂರಾಗಿ ಹಂಚಿಹೋದ ಹೊತ್ತನ್ನು ಒಂದು ಇಡೀ ವಸ್ತುವನ್ನಾಗಿ ಮಾಡುವ ಕಲೆಯು ಇದು. ಇಂಥ ಹೊತ್ತೇ ಎಲೀನರ್‌ರವರಿಗೆ ಜೀವಮಾನವೆಲ್ಲಾ ದೊರೆತದ್ದು.

1921ರ ಆಗಸ್ಟ್ ತಿಂಗಳಲ್ಲಿ ಸಂಸಾರಕ್ಕೆ ದೊಡ್ಡ ವಿಪತ್ತು ಬಂದಿತು. ಕ್ಯಾಂಪೊಬೆಲೊ ದ್ವೀಪದಲ್ಲಿ ಬೇಸಿಗೆಯನ್ನು ಕಳೆಯುತ್ತಿರುವಾಗ ಫ್ರಾಂಕ್ಲಿನ್‌ರವರು ಜ್ವರದಿಂದ ಮಲಗಿ, ಎರಡು ಕಾಲುಗಳ ಸ್ವಾಧೀನವನ್ನೂ ಕಳೆದುಕೊಂಡರು. ಪೋಲಿಯೋ ಎಂದು ವೈದ್ಯರು ನಿರ್ಣಯಿಸಿದರು. ಆಗ ಅವರಿಗೆ 39 ವರುಷ. ಪತ್ನಿಯು ಹಗಲಿರುಳೂ ಶುಶ್ರೂಷೆ ಮಾಡಿದರು. ಮಗನು ರಾಜಕಾರಣವನ್ನು ಬಿಟ್ಟು ಹಳ್ಳಿಯ ಮನೆಯಲ್ಲಿ ವಿಶ್ರಾಂತಿಯಿಂದಿರಲೆಂದು ಅತ್ತೆಯು ಹಟಹಿಡಿದಳು. ಅದುವರೆಗೂ ಅತ್ತೆಗೆ ಎದುರಾಡದಿದ್ದ ಸೊಸೆಯು ಈ ಸಲ ಒಪ್ಪಲಿಲ್ಲ. ಪತಿಯ ಉತ್ಸಾಹವು ಆರಿಹೋಗಬಾರದೆಂದು ತಾವೇ ಸಭೆಗಳಿಗೆ ಹೋಗುವುದಕ್ಕೂ, ನಡುಗುವ ಧ್ವನಿಯಲ್ಲಿಯೇ ಭಾಷಣ ಮಾಡುವುದಕ್ಕೂ ತೊಡಗಿದರು.

1924ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಮಂಟಪದಲ್ಲಿ ಅವರ ಪಕ್ಷದ ಮಹಾಸಭೆಯು ಸೇರಿತು. ಹೆಂಗಸರ ಕಡೆಯ ಬೇಡಿಕೆಗಳನ್ನು ಸಿದ್ಧಪಡಿಸುವ ಸಮಿತಿಗೆ ಎಲೀನರ್‌ರವರೇ ಅಗ್ರಾಸನದಲ್ಲಿದ್ದರು; ಎಳೆಯ ಮಕ್ಕಳನ್ನು ಕೂಲಿಗೆ ಹಚ್ಚುವುದು ನಿಲ್ಲಬೇಕೆಂಬುದು ಆ ಬೇಡಿಕೆಗಳಲ್ಲಿ ಒಂದು. ಆದರೆ ನಿರ್ಣಯಗಳನ್ನು ಬರೆಯುವ ಗಂಡಸರ ಸಮಿತಿಯು ಬಾಗಿಲನ್ನು ಮುಚ್ಚಿಕೊಂಡಿತು. ಇವರು ಹೊರಗೆ ಕಾದರು. ರಾತ್ರಿಯು ಕಳೆದರೂ ಬಾಗಿಲು ತೆರೆಯಲಿಲ್ಲ. ಆ ಮಹಾಸಭೆಯಾದರೋ ಸೆಕೆಯಲ್ಲಿ ಎರಡು ವಾರಗಳಿಗಿಂತ ಹೆಚ್ಚು ಕಾಲ ನಡೆದು, 103 ಸಲ ಮತ ತೆಗೆದುಕೊಂಡ ಮೇಲೆ ಮುಗಿಯಿತು. ಅಷ್ಟು ದಿನಗಳೂ ಅವರು ಕುಳಿತು ಹೆಣೆಯುತ್ತಿದ್ದರು. ವಿಲ್ ರಾಜರ್ಸ್ ಎಂಬ ಪ್ರಸಿದ್ಧ ಹಾಸ್ಯಗಾರನು ಅದನ್ನು ಕಂಡು, ಮುಂದೆ ತಲೆ ಕಳೆದುಕೊಳ್ಳುವವರ ಹೆಸರುಗಳನ್ನೇನಾದರೂ ಹೆಣೆಯುತ್ತಿರುವಿರೋ ಎಂದು ವಿನೋದವಾಗಿ ಕೇಳಿದನು. ಫ್ರಾನ್ಸ್ ದೇಶದ ಕ್ರಾಂತಿಯ ಕಾಲದಲ್ಲಿ ವಧಸ್ಥಾನದ ಬಳಿಯಲ್ಲಿ ಕುಳಿತು ಹೆಣೆಯುತ್ತಿದ್ದ ಹೆಂಗಸರ ಕಥೆಯನ್ನು ನೆನೆಸಿಕೊಂಡು ಆತನು ಹೀಗೆ ಹೇಳಿದ್ದು. ಯಾರ ತಲೆಯೂ ಹೋಗಲಿಲ್ಲವೆಂಬುದು ನಿಜ. ಆದರೆ ಅಂದು ಮುಚ್ಚಿದ ಬಾಗಿಲಿನ ಹೊರಗಿದ್ದ ಆ ಮಹಿಳೆಯು, ಮುಂದಿನ ದಿನಗಳಲ್ಲಿ ಅನೇಕ ಬಾಗಿಲುಗಳನ್ನು ತೆರೆಯಿಸಿದರು.

1927ರಲ್ಲಿ ಅವರು ಇಬ್ಬರು ಸ್ನೇಹಿತೆಯರೊಡನೆ ನ್ಯೂಯಾರ್ಕಿನ ಟಾಡ್‌ಹಂಟರ್ ಎಂಬ ಹೆಣ್ಣುಮಕ್ಕಳ ಪಾಠಶಾಲೆಯನ್ನು ಕೊಂಡುಕೊಂಡು, ಅಲ್ಲಿ ಚರಿತ್ರೆಯನ್ನೂ ಸಾಹಿತ್ಯವನ್ನೂ ತಾವೇ ಕಲಿಸಿದರು. ವಿದ್ಯಾರ್ಥಿನಿಯರನ್ನು ನ್ಯಾಯಸ್ಥಾನಗಳಿಗೂ ಬಡವರ ಕೇರಿಗಳಿಗೂ ಕರೆದುಕೊಂಡು ಹೋಗಿ ಲೋಕವನ್ನು ತೋರಿಸಿದರು. ಪತಿಯು ನ್ಯೂಯಾರ್ಕ್ ಸಂಸ್ಥಾನದ ಗವರ್ನರಾಗಿ ಆಲ್ಬನಿ ಪಟ್ಟಣದಲ್ಲಿದ್ದಾಗಲೂ ಪ್ರತಿ ವಾರವೂ ರೈಲಿನಲ್ಲಿ ಹೋಗಿಬಂದು ಪಾಠಗಳನ್ನು ನಡೆಸುತ್ತಿದ್ದರು. ಅದೇ ಕಾಲದಲ್ಲಿ ತಮ್ಮ ಊರಾದ ಹೈಡ್ ಪಾರ್ಕಿನ ಬಳಿ ವ್ಯಾಲ್‌ಕಿಲ್ ಎಂಬಲ್ಲಿ ಒಂದು ಕೈಗಾರಿಕೆಯ ಶಾಲೆಯನ್ನು ಸ್ಥಾಪಿಸಿದರು. ಹಳ್ಳಿಯವರಿಗೆ ಬೇಸಾಯವಿಲ್ಲದ ತಿಂಗಳುಗಳಲ್ಲಿ ಮರಗೆಲಸ, ಲೋಹದ ಕೆಲಸ, ನೇಯ್ಗೆಗಳಿಂದ ಸಂಪಾದನೆಯಾಗಲೆಂಬುದು ಉದ್ದೇಶವು. ಅದು 1936ರವರೆಗೆ ನಡೆಯಿತು.

1933ರಲ್ಲಿ ಫ್ರಾಂಕ್ಲಿನ್‌ರವರು ರಾಷ್ಟ್ರಾಧ್ಯಕ್ಷರಾದರು. ಹನ್ನೆರಡು ವರುಷಗಳ ಕಾಲ ಎಲೀನರ್‌ರವರು ಆ ದೇಶವನ್ನೆಲ್ಲಾ ಸುತ್ತಿ, ಗಣಿ ಕೆಲಸದವರ ಬಿಡಾರಗಳನ್ನೂ, ಸೆರೆಮನೆಗಳನ್ನೂ, ಆಸ್ಪತ್ರೆಗಳನ್ನೂ ನೋಡಿಬಂದು, ನಡೆಯಲಾಗದ ಪತಿಗೆ ಕಣ್ಣಾಗಿ ವರದಿ ಒಪ್ಪಿಸಿದರು. ಪತ್ರಿಕೆಯವರನ್ನು ಕರೆದು ಮಾತನಾಡುವಾಗ ಹೆಂಗಸರಾದ ವರದಿಗಾರರಿಗೆ ಮಾತ್ರ ಪ್ರವೇಶ ಕೊಟ್ಟರು. ಇದರಿಂದ ಪತ್ರಿಕೆಗಳು ಹೆಂಗಸರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕಾಯಿತು. 1935ರ ಕೊನೆಯಿಂದ 1962ರವರೆಗೆ ಪತ್ರಿಕೆಗಳಿಗೆ ದಿನಚರಿಯಂಥ ಅಂಕಣವನ್ನು ಬರೆದರು. 1939ರಲ್ಲಿ, ಕಪ್ಪು ಜನಾಂಗದ ಗಾಯಕಿಯಾದ ಮೇರಿಯನ್ ಆಂಡರ್ಸನ್‌ರವರಿಗೆ ತನ್ನ ಸಭಾಮಂದಿರವನ್ನು ಕೊಡಲೊಲ್ಲದ ಮಹಿಳಾ ಸಂಘವೊಂದಕ್ಕೆ ರಾಜೀನಾಮೆಯನ್ನು ಕಳುಹಿಸಿದರು.

ಇಷ್ಟು ಕಾರ್ಯಗಳ ನಡುವೆಯೂ ಉಣ್ಣೆಯ ದೊಡ್ಡ ಚೀಲವು ಅವರ ಪಕ್ಕದಲ್ಲಿಯೇ ಇರುತ್ತಿತ್ತು. ರೈಲಿನಲ್ಲಿ, ವಿಮಾನದಲ್ಲಿ, ಸಭೆಗಳಲ್ಲಿ ಕಡ್ಡಿಗಳು ಆಡುತ್ತಿದ್ದವು. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಸ್ನೇಹಿತರಿಗೆ ಸ್ವೆಟರುಗಳೂ ಕೈಗವಸುಗಳೂ ಹಸುಗೂಸಿನ ಉಡುಪುಗಳೂ ಆ ಚೀಲದಿಂದ ಹೊರಬಂದವು. 1945ರಲ್ಲಿ ಪತಿಯು ನಾಲ್ಕನೆಯ ಸಲ ಅಧಿಕಾರವನ್ನು ಸ್ವೀಕರಿಸಿದಾಗ 13 ಮಂದಿ ಮೊಮ್ಮಕ್ಕಳು ಅಧ್ಯಕ್ಷರ ಮಂದಿರದಲ್ಲಿ ಕೂಡಿದ್ದರು. ಎರಡನೆಯ ಮಹಾಯುದ್ಧದಲ್ಲಿ ನಾಲ್ವರು ಗಂಡುಮಕ್ಕಳೂ ಸೈನ್ಯದಲ್ಲಿದ್ದರು. ತಾಯಿಯು ದಂಡಿನವರಿಗಾಗಿ ಹೆಣೆಯಿರೆಂದು ದೇಶದ ಹೆಂಗಸರನ್ನು ಪ್ರೇರೇಪಿಸಿದರಲ್ಲದೆ, 1943ರಲ್ಲಿ ಶಾಂತಸಾಗರದ ದ್ವೀಪಗಳವರೆಗೂ ಹೋಗಿ ಗಾಯಾಳುಗಳ ಮಂಚಗಳ ಬಳಿ ನಿಂತು ಮಾತನಾಡಿಸಿ ಬಂದರು.

ಚರಿತ್ರೆಯನ್ನು ಬರೆಯುವವರು ಹೊಗಳಿಕೆಯನ್ನು ಮಾತ್ರ ಬರೆಯಬಾರದು. ಮಕ್ಕಳು ಚಿಕ್ಕವರಾಗಿದ್ದಾಗ ತಾವು ಅವರೊಡನೆ ಸಲಿಗೆಯಿಂದ ಇರಲಿಲ್ಲವೆಂದೂ, ದಾದಿಯರ ಕೈಗೂ ಅತ್ತೆಯ ಕೈಗೂ ಹೆಚ್ಚಾಗಿ ಬಿಟ್ಟುಕೊಟ್ಟೆವೆಂದೂ ಎಲೀನರ್‌ರವರು ಮುಂದೆ ಮರುಗಿದರು. ಸ್ವೆಟರನ್ನು ಬಿಚ್ಚಿ ಪುನಃ ಹೆಣೆಯಬಹುದು. ಮಕ್ಕಳ ಬಾಲ್ಯವನ್ನು ಹಾಗೆ ಮಾಡಲಾಗದು. ಕೈಯಿಂದ ಮಾಡಿದ ವಸ್ತುವು ಪ್ರೀತಿಯ ಬದಲಾಗಿ ಸಲ್ಲುವುದಿಲ್ಲವೆಂಬುದನ್ನು ನಾವು ಮರೆಯಬಾರದು. ಆದರೂ ಒಂದು ಮಗುವಿಗೆ ಸ್ವೆಟರನ್ನು ಹೆಣೆಯುವವಳು ಆ ಮಗುವಿನ ತೋಳಿನ ಉದ್ದವನ್ನು ತಿಳಿದಿರಬೇಕು. ಹೋದ ವರುಷಕ್ಕಿಂತ ಎಷ್ಟು ಬೆಳೆದಿದೆಯೆಂದು ಗಮನಿಸಿರಬೇಕು. ಮಕ್ಕಳಿಗೆ ಕೊಡಲಾಗದೆ ಹೋದ ಈ ಗಮನವನ್ನು ಮೊಮ್ಮಕ್ಕಳಿಗೆ ಅವರು ಧಾರಾಳವಾಗಿ ಕೊಟ್ಟರು.

1945ರ ಏಪ್ರಿಲ್ 12ರಲ್ಲಿ ಪತಿಯು ಮರಣ ಹೊಂದಿದರು. ಇನ್ನು ತಮ್ಮ ಕಥೆಯು ಮುಗಿಯಿತೆಂದು ಅವರು ಭಾವಿಸಿದ್ದರು. ಆದರೆ ಅತಿ ದೊಡ್ಡ ಕಾರ್ಯವು ಮುಂದೆಯೇ ಇತ್ತು. ವಿಶ್ವಸಂಸ್ಥೆಗೆ ಅಮೇರಿಕಾದ ಪ್ರತಿನಿಧಿಯಾಗಿ ನೇಮಕಗೊಂಡು, ಮಾನವ ಹಕ್ಕುಗಳ ಆಯೋಗಕ್ಕೆ ಅಧ್ಯಕ್ಷಿಣಿಯಾದರು. ನಾನಾ ಭಾಷೆಗಳ, ನಾನಾ ಮತಗಳ ಪ್ರತಿನಿಧಿಗಳು ಒಂದೊಂದು ಪದಕ್ಕಾಗಿ ದಿನಗಟ್ಟಲೆ ವಾದಿಸಿದರು. ಮೊದಲನೆಯ ವಿಧಿಯಲ್ಲಿ ಪುರುಷರೆಂಬ ಅರ್ಥವನ್ನೂ ಕೊಡುವ ಇಂಗ್ಲಿಷ್ ಪದವನ್ನು ತೆಗೆದು, ಮನುಷ್ಯರೆಲ್ಲರೂ ಎಂದಾಗುವ ಪದವನ್ನು ಇಡಬೇಕೆಂದು ಸಾಧಿಸಿದವರು ನಮ್ಮ ಭಾರತದ ಪ್ರತಿನಿಧಿಯಾದ ಶ್ರೀಮತಿ ಹಂಸಾ ಮೆಹತಾರವರು. ಸಾಲು ಸಾಲಾಗಿ, ತಪ್ಪಿದ ಕಡೆ ಬಿಚ್ಚಿ ಪುನಃ ಕೂಡಿಸುತ್ತಾ ಸಾಗಿದ ಆ ಘೋಷಣೆಯು 1948ನೆಯ ಇಸವಿ ಡಿಸೆಂಬರ್ 10ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಅಂಗೀಕೃತವಾಯಿತು. ಪರವಾಗಿ 48 ರಾಷ್ಟ್ರಗಳು ಮತವಿತ್ತವು. ಎದುರಾಗಿ ಒಂದೂ ಇಲ್ಲ. ಎಂಟು ರಾಷ್ಟ್ರಗಳು ತಟಸ್ಥವಾಗಿದ್ದವು.

1952ರಲ್ಲಿ ಅವರು ಭಾರತಕ್ಕೆ ಬಂದು, ನಮ್ಮ ಸಂಸತ್ತಿನ ಸದಸ್ಯರನ್ನು ಕುರಿತು ಮಾತನಾಡಿ, ಈ ದೇಶದ ಪ್ರಯತ್ನಗಳನ್ನು ಕಣ್ಣಾರೆ ಕಂಡು, ಮರುವರುಷ ತಮ್ಮ ಸಂಚಾರದ ಪುಸ್ತಕವನ್ನು ಪ್ರಕಟಿಸಿದರು. 1962ನೆಯ ಇಸವಿ ನವೆಂಬರ್ 7ರಲ್ಲಿ, 78ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ದೇಹವನ್ನು ಬಿಟ್ಟರು. ಹೈಡ್ ಪಾರ್ಕಿನ ಗುಲಾಬಿ ತೋಟದಲ್ಲಿ ಪತಿಯ ಮಗ್ಗುಲಲ್ಲಿ ಅವರ ಸಮಾಧಿಯಿದೆ.

ಪ್ರಿಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಕಡ್ಡಿಗಳನ್ನು ಹಿಡಿದದ್ದರಿಂದಲೇ ಈ ಮಹಿಳೆಯು ದೊಡ್ಡವರಾಗಲಿಲ್ಲ. ದೊಡ್ಡವರಾದೆವೆಂದು ಕಡ್ಡಿಗಳನ್ನು ಎಸೆಯಲೂ ಇಲ್ಲ. ಹೆಣಿಗೆಯೇ ಹೆಣ್ಣಿನ ಮಿತಿಯೆಂದು ಹೇಳುವವರಿಗೆ ಅವರ ಜೀವನವು ಒಂದು ಉತ್ತರ. ಹೆಣಿಗೆಯು ಕೀಳೆಂದು ಹೇಳುವವರಿಗೂ ಅದೇ ಉತ್ತರ. ತಾಯಿತಂದೆಗಳೇ, ಕೈಕೆಲಸ ಬಂದಿತೆಂಬ ನೆಪದಿಂದ ಮಗಳ ಓದನ್ನು ನಡುವೆ ನಿಲ್ಲಿಸಬೇಡಿರಿ. ಆಲನ್ಸ್‌ವುಡ್ಡಿನ ಮೂರು ವರುಷಗಳು ಇಲ್ಲದಿದ್ದರೆ ಆ ತಬ್ಬಲಿಯು ಏನಾಗುತ್ತಿದ್ದಳೆಂದು ಯೋಚಿಸಿರಿ. ವಿದ್ಯಾರ್ಥಿನಿಯರೇ, ಪರೀಕ್ಷೆಯಲ್ಲಿ ಗೆದ್ದೆವೆಂಬ ಹೆಮ್ಮೆಯಿಂದ ಮನೆಯವರ ಚಳಿಯನ್ನು ಮರೆಯಬೇಡಿರಿ. ಕೈಯಲ್ಲಿ ಒಂದು ಎಳೆಯೂ, ತಲೆಯಲ್ಲಿ ಒಂದು ವಿಚಾರವೂ ಏಕಕಾಲದಲ್ಲಿ ಸಾಗಬಲ್ಲವೆಂಬುದನ್ನು ನಿಮ್ಮ ನಿಮ್ಮ ಮನೆಗಳಲ್ಲಿ ನೀವೇ ತೋರಿಸಿಕೊಡಬೇಕೆಂದು ನಾವು ಹಾರೈಸುತ್ತೇವೆ.